ಬಾಲದ ಎಲುಬು ಕಾಣುವ ಹೆಲಿಕಾಪ್ಟರ್

ಚೀತಾ ಹೆಲಿಕಾಪ್ಟರನ್ನು ಒಮ್ಮೆ ಕಂಡವರು ಮತ್ತೆ ಗುರುತಿಸದೆ ಇರಲಾರರು. ಮುಂದೆ ಗಾಜಿನ ದೊಡ್ಡ ಗುಳ್ಳೆ, ಬೆನ್ನ ಮೇಲೆ ಮುಚ್ಚಳವೇ ಇಲ್ಲದ ಎಂಜಿನ್, ಹಿಂದೆ ಉಕ್ಕಿನ ಸಣ್ಣ ಕೊಳವೆಗಳನ್ನು ಏಣಿಯ ಹಾಗೆ ಹೆಣೆದು ಮಾಡಿದ ಉದ್ದನೆಯ ಬಾಲ. ಬಾಲಕ್ಕೆ ತಗಡಿನ ಹೊದಿಕೆ ಇಲ್ಲ. ಈಚೆ ನಿಂತರೆ ಆಚೆಯ ಗುಡ್ಡ ಕಾಣುತ್ತದೆ. ಯಾರೋ ಅರ್ಧ ಕಟ್ಟಿ ಊಟಕ್ಕೆ ಎದ್ದುಹೋದರೇನೋ ಎನ್ನಿಸುವಂಥ ಯಂತ್ರ. ಅದರ ಅಣ್ಣ ಚೇತಕ್ ಹಾಗಲ್ಲ. ಮೈತುಂಬ ತಗಡು ಹೊದ್ದ, ಏಳು ಜನ ಕೂರುವ, ಮೂರು ಗಾಲಿಯ ಸಭ್ಯ ಹೆಲಿಕಾಪ್ಟರ್ ಅದು. ಎರಡೂ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದವು, ಎರಡರ ಮೂಲವೂ ಫ್ರಾನ್ಸ್, ಪತ್ರಿಕೆಗಳಲ್ಲಿ ಎರಡರ ಹೆಸರೂ ಜೋಡಿಯಾಗಿಯೇ ಬರುತ್ತವೆ. ಹಾಗಾಗಿ ಚೀತಾ ಎಂದರೆ ಸುಧಾರಿಸಿದ ಚೇತಕ್ ಎಂದುಕೊಂಡವರೇ ಹೆಚ್ಚು.

ಅದು ಸುಧಾರಿಸಿದ ಚೇತಕ್ ಅಲ್ಲ. ಎರಡು ಬೇರೆ ಹೆಲಿಕಾಪ್ಟರುಗಳನ್ನು ಕತ್ತರಿಸಿ ಒಂದು ಮಾಡಿದ ಕಸಿ. ಪುಸ್ತಕಗಳಲ್ಲಿ ಈ ಸಂಗತಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆ ಒಂದು ಸಾಲಿನ ತೂಕ ನನಗೆ ತಿಳಿದದ್ದು ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆಯ ಮೇಜಿನ ಮೇಲೆ, ಕೈಯಲ್ಲಿ ಸಣ್ಣ ಗರಗಸ ಹಿಡಿದಾಗ.

ಮೊದಲು ಈ ಹವ್ಯಾಸದ ಬಗ್ಗೆ ಎರಡು ಮಾತು. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ವಿಮಾನ, ಹಡಗು, ಹೆಲಿಕಾಪ್ಟರುಗಳ ಪುಟ್ಟ ಮಾದರಿ ಕಟ್ಟುವುದು ನಿಮಗೆ ಗೊತ್ತಿರಬಹುದು. ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದ ಹಾಗೆ ಕಟ್ಟಿದರೆ ಅದು ಒಂದು ಬಗೆ. ಪೆಟ್ಟಿಗೆಯಲ್ಲಿರುವುದು ಒಂದು, ನಮಗೆ ಬೇಕಾದದ್ದು ಇನ್ನೊಂದು ಎಂದಾಗ ಬೇಡದ ಭಾಗವನ್ನು ಕತ್ತರಿಸಿ ಎಸೆದು, ಬೇಕಾದ ಭಾಗವನ್ನು ರೆಸಿನ್ನಿನಲ್ಲಿ ಎರಕ ಹೊಯ್ದು ಕೂಡಿಸುತ್ತಾರೆ. ಹವ್ಯಾಸಿಗಳು ಇದನ್ನು ಕನ್ವರ್ಷನ್ ಎನ್ನುತ್ತಾರೆ. ನಾನು ಆರು ವರ್ಷದಿಂದ ಪೆಟ್ಟಿಗೆಯದನ್ನೇ ಕಟ್ಟುತ್ತಿದ್ದೆ. ರೆಸಿನ್ನಿಗೆ ಕೈ ಹಾಕಿದ್ದು ಇದೇ ಮೊದಲು. ಹಗಲು ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿ. ಹತ್ತೊಂಬತ್ತನೆಯ ಶತಮಾನದ ಬಳ್ಳಾರಿ ದಂಡಿನ ಬಗ್ಗೆ, ಅಲ್ಲಿನ ಬ್ಯಾರಕ್ಕು, ಬಾವಿ, ಬಜಾರುಗಳ ಬಗ್ಗೆ ಪಿಎಚ್.ಡಿ. ಬರೆಯುತ್ತಿದ್ದೇನೆ. ಹೆಲಿಕಾಪ್ಟರಿಗೂ ನನ್ನ ಪ್ರಬಂಧಕ್ಕೂ ಯಾವ ಸಂಬಂಧವೂ ಇಲ್ಲ ಎಂದೇ ನನ್ನ ಮಾರ್ಗದರ್ಶಕರ ಅಭಿಪ್ರಾಯ.

ಚೀತಾ ಬೇಕಾದದ್ದು ನಮ್ಮ ಮಾಮನಿಗೆ. ಅವರು ವಾಯುಪಡೆಯಲ್ಲಿ ತಂತ್ರಜ್ಞರಾಗಿದ್ದವರು, ಹೆಲಿಕಾಪ್ಟರಿನ ಒಡಲು ನೋಡಿಕೊಳ್ಳುವ ಕೆಲಸ. ನಿವೃತ್ತರಾಗಿ ಬಂದು ಕಂಟೋನ್ಮೆಂಟ್ ಸ್ಟೇಷನ್ನಿನ ಹತ್ತಿರ ಮನೆ ಮಾಡಿಕೊಂಡಿದ್ದಾರೆ. ಎರಡು ವರ್ಷದಿಂದ ಕಣ್ಣಿಗೆ ಪೊರೆಯಲ್ಲ, ಬೇರೆಯೇ ಏನೋ; ನಡುವಿನ ನೋಟ ಮಾಸುತ್ತಾ ಬಂದಿದೆ. ವಸ್ತುಗಳನ್ನು ಈಗ ಹೆಚ್ಚಾಗಿ ಕೈಯಲ್ಲೇ ನೋಡುತ್ತಾರೆ. ನಾನು ಕಟ್ಟಿದ ಒಂದು ಮಾದರಿಯನ್ನು ಯುಗಾದಿಗೆ ಅವರ ಕೈಗಿಟ್ಟೆ. ಬಾಲದ ಮೇಲೆ ಬೆರಳಾಡಿಸಿದರು. "ಏನವ್ವಾ, ಇದು ಚೇತಕ್ ಐತಲ್ಲ. ನಂದು ಚೀತಾ," ಎಂದರು. "ನಂದು" ಎಂದ ಧಾಟಿಯಲ್ಲಿ ಊರಲ್ಲಿ ಬಿಟ್ಟುಬಂದ ಎತ್ತಿನ ಮಾತು ಇದ್ದ ಹಾಗಿತ್ತು.

ನನಗೆ ಸಿಕ್ಕಿದ್ದು ಹೆಲ್ಲರ್ ಎಂಬ ಫ್ರೆಂಚ್ ಕಂಪನಿಯ 1/72 ಅಳತೆಯ ಅಲುಯೆಟ್-3. ಚೇತಕ್ ಎಂದರೆ ಅದೇ. ಈ 1/72 ಎಂಬ ಲೆಕ್ಕ ಮೆಟ್ರಿಕ್ ಕಲಿತ ನಮಗೆ ವಿಚಿತ್ರವಾಗಿ ಕಾಣುತ್ತದೆ. ಅದು ಇಂಗ್ಲಿಷರ ಅಡಿ-ಅಂಗುಲದ ಲೆಕ್ಕ: ನಿಜವಾದ ವಿಮಾನದ ಒಂದು ಅಡಿ ಮಾದರಿಯಲ್ಲಿ ಅಂಗುಲದ ಆರನೇ ಒಂದು ಭಾಗ. 1930ರ ದಶಕದ ಇಂಗ್ಲೆಂಡಿನಲ್ಲಿ ಈ ಅಳತೆ ನೆಲೆಗೊಂಡಿತು. 1936ರಲ್ಲಿ ಫ್ರಾಗ್ ಕಂಪನಿ ಪೆಂಗ್ವಿನ್ ಎಂಬ ಹೆಸರಿನಲ್ಲಿ ಇದೇ ಅಳತೆಯ ಪ್ಲಾಸ್ಟಿಕ್ ಮಾದರಿಗಳನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಯುದ್ಧ. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲೆಯ ಮಕ್ಕಳಿಂದ ಐದು ಲಕ್ಷ ಮರದ ವಿಮಾನಗಳನ್ನು ಮಾಡಿಸಲು ಹೊರಟಿತು. ಅವೂ 1/72. ಆಕಾಶದಲ್ಲಿ ಕಾಣುವ ಆಕೃತಿ ನಮ್ಮದೋ ಶತ್ರುವಿನದೋ ಎಂದು ಸೈನಿಕರಿಗೆ ಕಲಿಸಲು ಆ ಮಾದರಿಗಳಿಗೆ ಕಪ್ಪು ಬಣ್ಣ ಬಳಿದು ತೋರಿಸುತ್ತಿದ್ದರು. ಇಂದು ನಾವು ಆಟಿಕೆ ಎಂದು ಕೊಳ್ಳುವುದರ ಹಿಂದೆ ಗುಂಡು ಹಾರಿಸಬೇಕೋ ಬೇಡವೋ ಎಂಬ ಪ್ರಶ್ನೆ ಇತ್ತು.

ಅಲುಯೆಟ್ ಎಂದರೆ ಫ್ರೆಂಚಿನಲ್ಲಿ ಬಾನಾಡಿ ಹಕ್ಕಿ. ಮೊದಲ ಮುಖ್ಯ ಹಕ್ಕಿ ಅಲುಯೆಟ್-2, ಅದು ಹಾರಿದ್ದು 1955ರ ಮಾರ್ಚ್ 12ರಂದು. ಅಲ್ಲಿಯವರೆಗಿನ ಬಹುಪಾಲು ಹೆಲಿಕಾಪ್ಟರುಗಳಿಗೆ ಕಾರಿನ ಹಾಗೆ ಪಿಸ್ಟನ್ ಎಂಜಿನ್. ಭಾರ ಹೆಚ್ಚು, ಬಲ ಕಡಿಮೆ. ಅಲುಯೆಟ್-2ಕ್ಕೆ ಟರ್ಬೊಮೆಕಾ ಕಂಪನಿಯ ಆರ್ಟೂಸ್ಟ್ ಎಂಬ ಸಣ್ಣ ಟರ್ಬೈನ್ ಎಂಜಿನ್ ಕೂರಿಸಿದರು. ಸರಳುಗಳ ಬಾಲ ಇದ್ದದ್ದು ಇದಕ್ಕೆ. 1957ರ ಜನವರಿಯಲ್ಲಿ ಮಾಂಟ್ ಬ್ಲಾಂಕ್ ಶಿಖರದ ಹತ್ತಿರ, ಸಿಕ್ಕಿಬಿದ್ದವರನ್ನು ಉಳಿಸಲು ಹೋಗಿ ತಾವೇ ಸಿಕ್ಕಿಬಿದ್ದಿದ್ದ ತಂಡವನ್ನು ಕೆಳಗಿಳಿಸಿ ಅದು ಹೆಸರು ಮಾಡಿತು. 1959ರ ಫೆಬ್ರವರಿ 28ರಂದು ದೊಡ್ಡ ಒಡಲಿನ ಅಲುಯೆಟ್-3 ಹಾರಿತು. ಅದರ ಮರುವರ್ಷವೇ ಫ್ರೆಂಚರು ಅದನ್ನು ಹಿಮಾಲಯಕ್ಕೆ ತಂದು 6,004 ಮೀಟರ್ ಎತ್ತರದಲ್ಲಿ ಇಳಿಸಿ ತೋರಿಸಿದರು. ತೋರಿಸಿದ್ದು ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ.

1962ರಲ್ಲಿ ಭಾರತ ಅಲುಯೆಟ್-3ನ್ನು ಬೆಂಗಳೂರಿನಲ್ಲಿ ತಯಾರಿಸಲು ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಅಕ್ಟೋಬರ್-ನವೆಂಬರಿನಲ್ಲಿ ಚೀನಾದೊಂದಿಗೆ ಯುದ್ಧ. ರಸ್ತೆ ಇಲ್ಲದ ಎತ್ತರದ ಗಡಿಗೆ ಅಕ್ಕಿ, ಮದ್ದುಗುಂಡು, ಸ್ಟ್ರೆಚರು ಸಾಗಿಸುವುದು ಏನೆಂದು ದೇಶಕ್ಕೆ ಆ ಒಂದು ತಿಂಗಳಲ್ಲಿ ಗೊತ್ತಾಯಿತು. 1965ರಲ್ಲಿ ಮೊದಲ ಚೇತಕ್ ಬೆಂಗಳೂರಿನಲ್ಲಿ ಹಾರಿತು. ರಾಣಾ ಪ್ರತಾಪನ ಕುದುರೆಯ ಹೆಸರು.

ಆ ಹೊತ್ತಿಗೆ ಬೆಂಗಳೂರಿನ ಕಾರ್ಖಾನೆಗೆ ಕಾಲು ಶತಮಾನ ತುಂಬಿತ್ತು. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಅವರು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದಾಗ ಜಾಗ ಕೊಟ್ಟು ಪಾಲುದಾರರಾಗಿ ನಿಂತದ್ದು ಮೈಸೂರು ಸಂಸ್ಥಾನ, ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಕಾಲ. ಯುದ್ಧದ ವರ್ಷಗಳಲ್ಲಿ ಅಲ್ಲಿ ಅಮೆರಿಕನ್ನರ ವಿಮಾನಗಳು ರಿಪೇರಿಯಾದವು. 1951ರಲ್ಲಿ ವಿ. ಎಂ. ಘಾಟಗೆ ಅವರ ತಂಡದ ಎಚ್‌ಟಿ-2, 1961ರಲ್ಲಿ ಕರ್ಟ್ ಟ್ಯಾಂಕ್ ಅವರ ವಿನ್ಯಾಸದ ಮರುತ್ ಹಾರಿದವು. ನಮ್ಮ ವಿಮಾನ ಚರಿತ್ರೆ ಬರೆಯುವವರು ಇವುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಚೇತಕ್-ಚೀತಾ ಬಂದಾಗ "ಲೈಸೆನ್ಸ್ ಪಡೆದು ತಯಾರಿಸಲಾಯಿತು" ಎಂದು ದಾಟಿಬಿಡುತ್ತಾರೆ. ಸ್ವಂತದ್ದು ಮೇಲು, ನಕಲು ಕೀಳು ಎಂಬ ಲೆಕ್ಕ. ನನಗೆ ಜಗಳವಿರುವುದು ಈ ಲೆಕ್ಕದ ಜೊತೆ.

ಬಳ್ಳಾರಿಯವರಿಗೆ ಫ್ರೆಂಚ್ ತಂತ್ರಜ್ಞರ ಕತೆ ಹೊಸದಲ್ಲ. ಬಳ್ಳಾರಿ ಗುಡ್ಡದ ಕೋಟೆಯನ್ನು ಹೈದರಾಲಿ ಫ್ರೆಂಚ್ ಎಂಜಿನಿಯರನೊಬ್ಬನಿಂದ ಬಲಪಡಿಸಿದನಂತೆ. ಕಟ್ಟಿ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿಂದ ತೋಪು ಹಾರಿಸಿದರೆ ಕೋಟೆ ಉಳಿಯದು ಎಂದು ತಿಳಿಯಿತಂತೆ. ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ನೇಣಿಗೇರಿಸಿದನಂತೆ. ಊರಿನ ಪ್ರತಿ ಮಗುವಿಗೂ ಗೊತ್ತಿರುವ ಐತಿಹ್ಯ ಇದು, ದಾಖಲೆ ಕೇಳಬೇಡಿ. ಎತ್ತರದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕತೆ ನನಗೆ ಸಿಕ್ಕಿಲ್ಲ. ಇನ್ನು ವಿಮಾನದ ಮಾತಿಗೆ ಬಂದರೆ, 1932ರ ಅಕ್ಟೋಬರಿನಲ್ಲಿ ಟಾಟಾ ಅವರ ಮೊದಲ ಅಂಚೆ ವಿಮಾನವನ್ನು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬೈಗೆ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದದ್ದು ಬಳ್ಳಾರಿಯ ಮೂಲಕ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು. ಟಾಟಾ ಅವರ ಮೊದಲ ವಿಮಾನ ಮಾರ್ಗದಲ್ಲಿ ಹೆಸರಿದ್ದ ಊರಿನಲ್ಲಿ ಆಮೇಲೆ ಹೆಲಿಕಾಪ್ಟರಿನ ಸದ್ದು ಕೇಳಿದರೆ ಜನ ಕೇಳುವುದು ಎರಡೇ ಪ್ರಶ್ನೆ: ಚುನಾವಣೆ ಬಂತಾ, ಗಣಿಯವರು ಬಂದರಾ.

ಹಿಮಾಲಯಕ್ಕೆ ಮರಳೋಣ. ಚೇತಕ್ ಒಳ್ಳೆಯ ಹೆಲಿಕಾಪ್ಟರ್, ಆದರೆ ಭಾರತಕ್ಕೆ ಇನ್ನೂ ಎತ್ತರ ಬೇಕಿತ್ತು. ಸಮುದ್ರ ಮಟ್ಟದಿಂದ ಸುಮಾರು 5,500 ಮೀಟರ್ ಮೇಲೆ ಹೋದರೆ ಗಾಳಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ರೆಕ್ಕೆಗೆ ಹಿಡಿಯಲು ಗಾಳಿ ಸಾಲದು, ಎಂಜಿನ್ನಿಗೆ ಉಸಿರೂ ಸಾಲದು. 1968ರ ಕೊನೆಗೆ ಭಾರತೀಯ ಪಡೆಗಳ ಈ ಅಗತ್ಯವನ್ನು ಮುಂದಿಟ್ಟುಕೊಂಡೇ ಸುದ್ ಏವಿಯೇಷನ್ ಕಂಪನಿ ಹೊಸ ವಿನ್ಯಾಸ ಶುರುಮಾಡಿತು. ಹೊಸದಾಗಿ ಏನನ್ನೂ ಕಟ್ಟಲು ಹೋಗಲಿಲ್ಲ. ಅಲುಯೆಟ್-2ರ ಹಗುರವಾದ ಒಡಲು ಮತ್ತು ಸರಳಿನ ಬಾಲವನ್ನು ತೆಗೆದುಕೊಂಡು ಬಲಪಡಿಸಿತು. ಅದರ ಮೇಲೆ ಅಲುಯೆಟ್-3ರ ಎಂಜಿನ್, ಗೇರ್‌ಬಾಕ್ಸ್, ತಿರುಗುರೆಕ್ಕೆಗಳನ್ನು ಕೂರಿಸಿತು. ಹೆಸರು ಎಸ್‌ಎ 315ಬಿ ಲಾಮಾ. 1969ರ ಮಾರ್ಚ್ 17ರಂದು ಅದು ಹಾರಿತು. ಅದೇ ವರ್ಷ ಹಿಮಾಲಯದ ಪ್ರಾತ್ಯಕ್ಷಿಕೆಯಲ್ಲಿ ಇಬ್ಬರು ಸಿಬ್ಬಂದಿಯೊಂದಿಗೆ 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಮೇಲೆದ್ದಿತು.

ಅಂದರೆ ಕಾರ್ಖಾನೆಯೇ ಮಾಡಿದ ಕನ್ವರ್ಷನ್. ನಾನು ಹೆಲ್ಲರ್ ಪೆಟ್ಟಿಗೆ ತೆರೆದು, ಯಾವ ಭಾಗ ಉಳಿಸಬೇಕು ಯಾವುದು ಬೇಡ ಎಂದು ಪಟ್ಟಿ ಮಾಡಿದಾಗ ಉಳಿದದ್ದು ಮೂರು: ಎಂಜಿನ್, ಅದರ ಮುಂದಿನ ಗೇರ್‌ಬಾಕ್ಸ್, ತಿರುಗುರೆಕ್ಕೆ. ಫ್ರಾನ್ಸಿನ ಎಂಜಿನಿಯರುಗಳು ಅಲುಯೆಟ್-3ರಿಂದ ಉಳಿಸಿಕೊಂಡದ್ದೂ ಸರಿಯಾಗಿ ಅದೇ ಮೂರು. ರೆಕ್ಕೆಯ ವ್ಯಾಸ ಎರಡಕ್ಕೂ 11.02 ಮೀಟರ್, 1/72ರಲ್ಲಿ 153 ಮಿಲಿಮೀಟರ್. ಅಳತೆಪಟ್ಟಿ ಹಿಡಿದು ನೋಡಿದೆ, ಕೂದಲಿನಷ್ಟೂ ವ್ಯತ್ಯಾಸವಿಲ್ಲ. ಮಿಕ್ಕ ದೊಡ್ಡ ಒಡಲನ್ನು, ಏಳು ಸೀಟನ್ನು, ಗಾಲಿಗಳನ್ನು ಪಕ್ಕಕ್ಕೆ ಸರಿಸಿದಾಗ ಮೇಜಿನ ಮೇಲೆ ಉಳಿದ ಪುಟ್ಟ ಗುಂಪು ಒಂದು ವಾದದ ಹಾಗೆ ಕಂಡಿತು. ಬಲ ಇಲ್ಲಿದೆ, ಭಾರ ಅಲ್ಲಿ ಬಿದ್ದಿದೆ.

ಇದರೊಳಗಿನ ಜಾಣತನ ಎಂಜಿನ್ನಿನದು. ಆರ್ಟೂಸ್ಟ್-3ಬಿ ಎಂಜಿನ್ನಿನ ಸಾಮರ್ಥ್ಯ 870 ಅಶ್ವಶಕ್ತಿ. ಲಾಮಾದಲ್ಲಿ ಅದನ್ನು 550ಕ್ಕೆ ಕಟ್ಟಿಹಾಕಿದ್ದಾರೆ. ಬಲವಿದ್ದೂ ಯಾಕೆ ಬಳಸುವುದಿಲ್ಲ? ಎತ್ತರಕ್ಕೆ ಹೋದಂತೆ ಯಾವ ಎಂಜಿನ್ನಿನ ಬಲವೂ ಕುಗ್ಗುತ್ತದೆ. ನೆಲದಲ್ಲಿ ಪೂರ್ತಿ ಬಲ ಖರ್ಚು ಮಾಡುವ ಎಂಜಿನ್ ಬೆಟ್ಟದಲ್ಲಿ ಬರಿಗೈಯಾಗುತ್ತದೆ. ನೆಲದಲ್ಲಿ 550ಕ್ಕೇ ನಿಂತಿರುವುದು, ಮೇಲೆ ಗಾಳಿ ತೆಳುವಾದಾಗಲೂ ಆ 550ನ್ನು ಬಹಳ ಎತ್ತರದವರೆಗೆ ಕೊಡುತ್ತಲೇ ಇರುತ್ತದೆ. ಬೇಸಿಗೆಗೆಂದು ಹಗೇವಿನಲ್ಲಿ ಜೋಳ ಇಟ್ಟ ಹಾಗೆ. 1972ರ ಜೂನ್ 21ರಂದು ಜಾನ್ ಬೂಲೆ ಎಂಬ ಪೈಲಟ್ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಏರಿಸಿದ. ಅಲ್ಲಿ ಎಂಜಿನ್ ಆರಿಹೋಯಿತು. ಅಷ್ಟು ಎತ್ತರದಿಂದ ನೆಲದವರೆಗೆ, ಬೀಳುವ ವೇಗಕ್ಕೆ ತಾನಾಗಿ ತಿರುಗುವ ರೆಕ್ಕೆಯ ಬಲದ ಮೇಲೆಯೇ ಇಳಿದು ಬದುಕಿದ.

ಲಾಮಾವನ್ನು ಬೆಂಗಳೂರಿನಲ್ಲಿ ಕಟ್ಟುವ ಒಪ್ಪಂದವಾದದ್ದು 1970ರಲ್ಲಿ. ಇಲ್ಲಿ ಅದರ ಹೆಸರು ಚೀತಾ. ಬಂದ ಭಾಗಗಳನ್ನು ಜೋಡಿಸಿದ ಮೊದಲ ಚೀತಾ 1972ರಲ್ಲಿ ಹಾರಿತು. ಕಚ್ಚಾ ಲೋಹದಿಂದಲೇ ಇಲ್ಲಿ ತಯಾರಾದದ್ದು ಹೊರಬರಲು 1976-77 ಆಯಿತು. ಈ ನಾಲ್ಕೈದು ವರ್ಷಗಳ ಅಂತರವೇ ನಿಜವಾದ ಚರಿತ್ರೆ ಎಂದು ನನಗನ್ನಿಸುತ್ತದೆ. ನಕ್ಷೆ ಕೊಟ್ಟರೆ ನಕಲು ಬರುವುದಿಲ್ಲ. ಯಾವ ಲೋಹ, ಎಷ್ಟು ಕಾಯಿಸಬೇಕು, ಬೆಸುಗೆ ಯಾವ ಕ್ರಮದಲ್ಲಿ ಹಾಕಿದರೆ ಕೊಳವೆ ಸೊಟ್ಟಗಾಗುವುದಿಲ್ಲ, ಇವೆಲ್ಲ ಕೈಯಿಂದ ಕೈಗೆ ಬರಬೇಕು. ಆ ಕೈಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಬೆಸುಗೆಯ ಮಾತು ಸುಮ್ಮನೆ ಆಡುತ್ತಿಲ್ಲ. ಬಾಲವನ್ನು ರೆಸಿನ್ನಿನಲ್ಲಿ ಎರಕ ಹೊಯ್ಯಲು ಸಾಧ್ಯವೇ ಇಲ್ಲ. ಅಷ್ಟು ಸಣ್ಣ ಸರಳು ಅಚ್ಚಿನಿಂದ ಬಿಡಿಸುವಾಗಲೇ ಮುರಿಯುತ್ತದೆ. ಹಿತ್ತಾಳೆ ತಂತಿಯೇ ಗತಿ. ಅರ್ಧ ಮಿಲಿಮೀಟರ್ ದಪ್ಪದ ತಂತಿಯನ್ನು ಬೆಂಗಳೂರು ರೋಡಿನ ಅಂಗಡಿಯಲ್ಲಿ ತಂದೆ. ಬಾಲದ ನಕ್ಷೆಯನ್ನು ಕಾಗದದ ಮೇಲೆ ಬರೆದು ಹಲಗೆಗೆ ಅಂಟಿಸಿ, ಸುತ್ತ ಗುಂಡುಸೂಜಿ ಚುಚ್ಚಿ, ತಂತಿಗಳನ್ನು ಅದರ ನಡುವೆ ಕೂರಿಸಿದ್ದಾಯಿತು. ಬೆಸುಗೆಗೆ ಮಾತ್ರ ಕೌಲ್ ಬಜಾರಿನ ಪತ್ತಾರರೊಬ್ಬರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ನೋಡಿ, "ಏನಮ್ಮಾ ಇದು, ಯಾವ ಒಡವಿ?" ಎಂದರು. ಹೆಲಿಕಾಪ್ಟರಿನ ಬಾಲ ಎಂದೆ. ನಗಲಿಲ್ಲ. ಮೂರು ಮೂಲೆಯ ಆಕಾರವನ್ನು ತಿರುಗಿಸಿ ನೋಡಿ, ಒಂದು ಮೂಲೆಯಿಂದ ಸಾಲಾಗಿ ಹಾಕುತ್ತಾ ಹೋದರೆ ಬಾಗುತ್ತದೆ, ಈ ತುದಿ ಒಂದು ಆ ತುದಿ ಒಂದು ಹಾಕಬೇಕು ಎಂದರು. ಬಿಳಿಗಾರ ಸವರಿ, ಊದುಗೊಳವೆಯಲ್ಲಿ ಜ್ವಾಲೆಯನ್ನು ಸೂಜಿಯ ಮೊನೆಯಷ್ಟು ಮಾಡಿ, ಎರಡು ಸಂಜೆಯಲ್ಲಿ ಮುಗಿಸಿಕೊಟ್ಟರು. ದುಡ್ಡು ತೆಗೆದುಕೊಳ್ಳಲು ಬಹಳ ಹೊತ್ತು ಒಪ್ಪಲಿಲ್ಲ. ಬೆಂಗಳೂರಿನ ಕಾರ್ಖಾನೆಯಲ್ಲಿ 1970ರ ದಶಕದಲ್ಲಿ ಉಕ್ಕಿನ ಕೊಳವೆಗಳ ಮುಂದೆ ಕೂತವರೂ ಹೀಗೇ, ಈ ತುದಿ ಒಂದು ಆ ತುದಿ ಒಂದು ಎಂದು ಯೋಚಿಸಿರಬೇಕು.

ರೆಸಿನ್ನಿನದು ಬೇರೆಯೇ ಪಾಠ. ಮೊದಲು ಬೇಕಾದ ಆಕಾರವನ್ನು ಕೈಯಲ್ಲೇ ಕೆತ್ತಿಕೊಳ್ಳಬೇಕು. ಕ್ಯಾಬಿನ್ನಿನ ನೆಲ, ಹಿಂಗೋಡೆ, ಇಂಧನದ ತೊಟ್ಟಿ, ಮುಂದಿನ ಎರಡು ಸೀಟು, ಹಿಂದಿನ ಮೂವರ ಸೀಟು, ಮತ್ತು ಗಾಜಿನ ಗುಳ್ಳೆಯ ಆಕಾರದ ಒಂದು ಗಟ್ಟಿ ಉಂಡೆ. ಹಗುರ ಮರದಲ್ಲಿ ಕೆತ್ತಿ, ಮರದ ನರಗಳು ಕಾಣದ ಹಾಗೆ ಪುಟ್ಟಿ ಮೆತ್ತಿ, ನೀರುಕಾಗದದಲ್ಲಿ ಉಜ್ಜಿ ನುಣುಪು ಮಾಡಿದೆ. ಕೊಪ್ಪಳದ ಹತ್ತಿರದ ಕಿನ್ನಾಳದವರು ಗೊಂಬೆಗೆ ಮಾಡುವುದೂ ಇದನ್ನೇ. ಹಗುರ ಮರ, ಅದರ ಮೇಲೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ, ಒಡವೆಗಳನ್ನು ಉಬ್ಬಿಸಿ ಎತ್ತಲು ಕಲ್ಲಿನ ಪುಡಿಯ ಸರಿ, ಆಮೇಲೆ ಬಣ್ಣ. ರೆಸಿನ್ ಎಂಬ ಇಂಗ್ಲಿಷ್ ಹೆಸರು ಕೇಳಿ ಇದೇನೋ ಪ್ರಯೋಗಾಲಯದ್ದು ಎಂದುಕೊಳ್ಳುವ ಮೊದಲು ಕಿನ್ನಾಳದ ಒಂದು ಜಗಲಿಯ ಮೇಲೆ ಅರ್ಧ ಗಂಟೆ ಕೂತುಬರುವುದು ಒಳ್ಳೆಯದು.

ಕೆತ್ತಿದ ಆಕಾರವನ್ನು ಒಂದು ಡಬ್ಬಿಯ ತಳಕ್ಕೆ ಅಂಟಿಸಿ ಸಿಲಿಕೋನ್ ರಬ್ಬರ್ ಸುರಿಯಬೇಕು. ಒಂದೇ ಮೂಲೆಯಿಂದ, ಎಳ್ಳೆಣ್ಣೆ ಇಳಿದ ಹಾಗೆ ತೆಳ್ಳಗೆ. ಗಾಳಿಯನ್ನು ಅದು ತನ್ನ ಮುಂದೆ ತಳ್ಳಿಕೊಂಡು ಹೋಗುತ್ತದೆ. ರಾತ್ರಿ ಕಳೆದರೆ ಅಚ್ಚು ಸಿದ್ಧ. ಪಾಲಿಯುರಿಥೇನ್ ರೆಸಿನ್ ಎರಡು ಸೀಸೆಗಳಲ್ಲಿ ಬರುತ್ತದೆ. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಲು ಶುರು. ಬಿಸಿಲು ಹೆಚ್ಚಿದಷ್ಟೂ ಆ ನಿಮಿಷಗಳು ಕಡಿಮೆ. ಬಳ್ಳಾರಿಯ ಏಪ್ರಿಲ್ ನಿಮಗೆ ಗೊತ್ತಿದೆ, ನಲವತ್ತು ದಾಟಿದ ಬಿಸಿಲು. ಹಗಲಲ್ಲಿ ಬೆರೆಸಿದರೆ ಲೋಟದಲ್ಲೇ ಕಲ್ಲು. ಹಾಗಾಗಿ ಎರಕದ ಕೆಲಸವೆಲ್ಲ ಬೆಳಗಿನ ಐದಕ್ಕೆ, ಮಾಳಿಗೆಯ ಮೇಲೆ. ನಮ್ಮೂರಿನ ಒಣಹವೆಯಿಂದ ಒಂದು ಉಪಕಾರವೂ ಇದೆ. ಈ ರೆಸಿನ್ನಿಗೆ ತೇವ ತಾಗಿದರೆ ನೊರೆ ಏಳುತ್ತದೆ; ಕರಾವಳಿಯ ಗೆಳೆಯರು ಪಡುವ ಆ ಪಾಡು ನಮಗಿಲ್ಲ. ಮಾಡುವವರಿಗೆ ಒಂದು ಎಚ್ಚರಿಕೆ: ಗಟ್ಟಿಯಾದ ರೆಸಿನ್ನಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಮಾಸ್ಕ್ ಬೇಕು, ನೀರು ಹಾಕಿಯೇ ಉಜ್ಜಬೇಕು. ಪ್ಲಾಸ್ಟಿಕ್ಕಿಗೆ ಹಾಕುವ ಅಂಟು ಇದಕ್ಕೆ ಹಿಡಿಯುವುದಿಲ್ಲ, ಸೂಪರ್ ಗ್ಲೂ ಬೇಕು.

ಗುಳ್ಳೆಯನ್ನು ಮಾತ್ರ ಹೇಳಿಬಿಡುತ್ತೇನೆ, ಅದು ಅಮ್ಮನ ಗ್ಯಾಸ್ ಒಲೆಯ ಮೇಲೆ ಆದದ್ದು. ಪಾರದರ್ಶಕ ಹಾಳೆಯನ್ನು ಚೌಕಟ್ಟಿಗೆ ಸಿಗಿಸಿ ಹಪ್ಪಳದ ಹಾಗೆ ಒಲೆಯ ಮೇಲೆ ಎತ್ತಿ ಹಿಡಿದರೆ ಅದು ಮೆತ್ತಗಾಗಿ ಜೋಲುತ್ತದೆ. ಆ ಕ್ಷಣಕ್ಕೆ ರೆಸಿನ್ ಉಂಡೆಯ ಮೇಲೆ ಒತ್ತಬೇಕು. ಒಂದು ಉಸಿರಿನ ಕೆಲಸ. ಹತ್ತು ಹಾಳೆಯಲ್ಲಿ ಒಂದು ಚೆನ್ನಾಗಿ ಬಂತು.

ಇಷ್ಟೆಲ್ಲ ಮಾಡುವಾಗ ಮಾಮ ದಿನಾ ಸಂಜೆ ಬಂದು ಕೂರುತ್ತಿದ್ದರು. ಸಿಯಾಚಿನ್ನಿನ ಬಗ್ಗೆ ಅವರು ಮನೆಯಲ್ಲಿ ಯಾವತ್ತೂ ಮಾತಾಡಿದವರಲ್ಲ. ಕೇಳಿದರೆ "ಚಳಿ ಇತ್ತು" ಎನ್ನುತ್ತಿದ್ದರು, ಅಷ್ಟೇ. 1984ರ ಏಪ್ರಿಲ್ 13ರಂದು, ಆಪರೇಷನ್ ಮೇಘದೂತ್‌ನಲ್ಲಿ, ಭಾರತದ ಸೈನಿಕರನ್ನು ಬಿಲಾಫೊಂಡ್ ಲಾ ಕಣಿವೆಯ ಹತ್ತಿರ ಇಳಿಸಿದ್ದು ಚೀತಾಗಳು. ಕಾಳಿದಾಸನ ಕಾವ್ಯದ ಹೆಸರಿಟ್ಟ ಸೇನಾಧಿಕಾರಿ ಯಾರೋ, ಅವರಿಗೆ ನನ್ನ ನಮಸ್ಕಾರ. ಪ್ರೇಮದ ಸುದ್ದಿ ಒಯ್ದ ಮೋಡದ ದಾರಿಯಲ್ಲಿ ಈಗ ಸೀಮೆಎಣ್ಣೆಯ ಕ್ಯಾನು ಹೋಗುತ್ತದೆ. ಅಂದಿನಿಂದ ಹಿಮನದಿಯ ಮೇಲಿನ ಠಾಣ್ಯಗಳಿಗೆ ಅಕ್ಕಿ, ಔಷಧಿ, ಕಾಗದ ಮುಟ್ಟಿಸುವುದು, ಹಿಮದಲ್ಲಿ ಕಾಲ್ಬೆರಳು ಕಪ್ಪಾದವರನ್ನು ಇಳಿಸಿ ತರುವುದು ಇವುಗಳ ಕೆಲಸ. ಅತ್ಯಂತ ಎತ್ತರದ ಠಾಣ್ಯಗಳಿಗೆ ಒಂದು ಸಲಕ್ಕೆ ಒಯ್ಯಲಾಗುವುದು ಕೆಲವೇ ಕಿಲೋ. ಒಬ್ಬರು ಕೈಯಲ್ಲಿ ಹೊರುವಷ್ಟು ಸಾಮಾನಿಗೆ ಒಂದು ಹೆಲಿಕಾಪ್ಟರ್.

2016ರ ಫೆಬ್ರವರಿಯನ್ನು ಕನ್ನಡ ಓದುಗರು ಮರೆತಿರಲಾರರು. 3ನೇ ತಾರೀಖು ಸಿಯಾಚಿನ್ನಿನ ಸೋನಮ್ ಠಾಣ್ಯದ ಮೇಲೆ ಹಿಮಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. 8ನೇ ತಾರೀಖು ಮಂಜಿನಡಿ ಒಬ್ಬರು ಜೀವಂತ ಸಿಕ್ಕರು, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಹೆಲಿಕಾಪ್ಟರಿನಲ್ಲಿ ಇಳಿಸಿ ದೆಹಲಿಗೆ ಒಯ್ದರು. 11ರಂದು ತೀರಿಕೊಂಡರು. ಆ ಮೂರು ದಿನ ನಮ್ಮ ಮನೆಯ ಟಿವಿ ಆರಲಿಲ್ಲ. ಮಾಮ ಟಿವಿಯ ಎದುರು ಕೂತವರು ಒಮ್ಮೆ ಮಾತ್ರ ಬಾಯಿಬಿಟ್ಟಿದ್ದರು: "ಇಳಿಸೋದು ಬಾಳ ಕಷ್ಟ." ಅವರು ಹೇಳಿದ್ದು ಹನುಮಂತಪ್ಪನವರನ್ನು ಇಳಿಸುವುದರ ಬಗ್ಗೆಯೋ ಹೆಲಿಕಾಪ್ಟರನ್ನು ಅಲ್ಲಿ ಇಳಿಸುವುದರ ಬಗ್ಗೆಯೋ, ನಾನು ಕೇಳಲಿಲ್ಲ.

ಚೀತಾವನ್ನು ಹೊಗಳಿ ಮುಗಿಸಿದರೆ ಅರ್ಧ ಚರಿತ್ರೆಯಾದೀತು. 1960ರ ದಶಕದ ವಿನ್ಯಾಸ ಐವತ್ತು ವರ್ಷ ದುಡಿದದ್ದು ಹೆಮ್ಮೆಯ ಸಂಗತಿ ಮಾತ್ರವಲ್ಲ. ಅದರ ಜಾಗಕ್ಕೆ ಬರಬೇಕಾದದ್ದು ಸಮಯಕ್ಕೆ ಬರಲಿಲ್ಲ ಎಂಬುದೂ ಅದರಲ್ಲಿದೆ. ಹಳೆಯ ಚೀತಾ-ಚೇತಕ್‌ಗಳು ಬಿದ್ದು ಪೈಲಟ್‌ಗಳು ಸತ್ತಿದ್ದಾರೆ. 2014-15ರ ಹೊತ್ತಿಗೆ ಸೇನಾ ಪೈಲಟ್‌ಗಳ ಪತ್ನಿಯರೇ ಒಟ್ಟಾಗಿ, ಇವನ್ನು ನಿಲ್ಲಿಸಿ ಎಂದು ಸರ್ಕಾರದ ಬಾಗಿಲು ತಟ್ಟಿದರು. ನಡುವೆ ಎಚ್‌ಎಎಲ್ ಚೀತಾಕ್ಕೆ ಹೊಸ ಎಂಜಿನ್ ಕೂರಿಸಿ ಚೀತಾಲ್ ಎಂಬುದನ್ನು ಮಾಡಿತು, ಕಸಿಯ ಮೇಲೊಂದು ಕಸಿ. ಬೆಂಗಳೂರಿನದೇ ವಿನ್ಯಾಸದ ಧ್ರುವ 1992ರ ಆಗಸ್ಟ್ 20ರಂದು ಹಾರಿತ್ತು, ಆದರೆ ಅದು ದೊಡ್ಡ ಯಂತ್ರ. ಚೀತಾದ ಜಾಗಕ್ಕೆಂದೇ ಮಾಡಿದ ಹಗುರ ಹೆಲಿಕಾಪ್ಟರ್ ಮೊದಲು ಹಾರಿದ್ದು 2016ರ ಸೆಪ್ಟೆಂಬರ್ 6ರಂದು, ಹನುಮಂತಪ್ಪನವರು ತೀರಿಕೊಂಡ ಏಳು ತಿಂಗಳಿಗೆ. ಅದನ್ನು ಕಟ್ಟುವ ಕಾರ್ಖಾನೆ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಲೈಸೆನ್ಸಿನ ನಕಲು ಎಂದು ನಾವು ದಾಟಿಬಿಟ್ಟ ಆ ದಶಕಗಳಲ್ಲಿ ಕಲಿತ ಕೈಗಳಿಲ್ಲದೆ ಧ್ರುವವೂ ಇಲ್ಲ, ಗುಬ್ಬಿಯೂ ಇಲ್ಲ. ಹಾಗೆಂದು ಕಾದವರಿಗೆ ಆ ಕಾಯುವಿಕೆ ಹಗುರವಾಗುವುದಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಹೇಗೆಂದು ನನ್ನ ಪ್ರಬಂಧದ ಬ್ಯಾರಕ್ಕುಗಳ ನಡುವೆಯೂ ಯೋಚಿಸುತ್ತಿರುತ್ತೇನೆ.

ಮೇ ಕೊನೆಗೆ ಎಲ್ಲ ಭಾಗಗಳೂ ಒಂದಾದವು. ಬಣ್ಣ ಇನ್ನೂ ಬಳಿದಿರಲಿಲ್ಲ. ಕಂದು ರೆಸಿನ್, ಬೂದು ಪ್ಲಾಸ್ಟಿಕ್, ಹಳದಿ ಹಿತ್ತಾಳೆ, ಯಾವುದು ಎಲ್ಲಿಂದ ಬಂದದ್ದು ಎಂದು ಯಾರಿಗಾದರೂ ಕಾಣುವಂತಿತ್ತು. ಮಾಮನ ಅಂಗೈ ಮೇಲಿಟ್ಟೆ. ಬಾಲದ ಸರಳುಗಳನ್ನು ಒಂದೊಂದಾಗಿ ಎಣಿಸಿದ ಹಾಗೆ ಮುಟ್ಟಿದರು. ಎಂಜಿನ್ನಿನ ಹತ್ತಿರ ಬೆರಳು ನಿಂತಿತು. ಇಲ್ಲಿ ಬೆಳಗಿನ ಹೊತ್ತು ಬರಿಗೈ ಇಟ್ಟರೆ ಚರ್ಮ ಅಂಟಿಕೊಂಡು ಬರುತ್ತಿತ್ತು ಎಂದರು. ಆಮೇಲೆ ಕೆಳಗಿಳಿಯದ ಒಬ್ಬ ಹುಡುಗನ ಬಗ್ಗೆ ಹೇಳಿದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಬೆರಳು ಗುಳ್ಳೆಯೊಳಗೆ ಹೋಯಿತು. ಮುಂದಿನ ಎರಡು ಸೀಟು ಮುಟ್ಟಿದರು, ಹಿಂದಿನದನ್ನು ಮುಟ್ಟಿ ತಲೆಯಾಡಿಸಿದರು.

"ಹಿಂದಿನ ಸೀಟು ತೆಗಿಯವ್ವಾ. ಮ್ಯಾಲೆ ಹೋಗೋದಕ್ಕ ಅದನ್ನ ಇಡ್ತಿದ್ದಿಲ್ಲ ನಾವು. ಆಟು ಭಾರದಾಗ ಒಬ್ಬಂಗೆ ಊಟ ಹೊಕ್ಕತಿ."

ಮರದಲ್ಲಿ ಮೂರು ಸಲ ಕೆತ್ತಿ, ಮುಂಜಾನೆ ಎದ್ದು ಎರಕ ಹೊಯ್ದ ಸೀಟು ಅದು, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು. ಚಿಮಟದಲ್ಲಿ ಹಿಡಿದು ತೆಗೆದೆ. ಅಂಟು ಇನ್ನೂ ಪೂರ್ತಿ ಹಿಡಿದಿರಲಿಲ್ಲ, ಸುಲಭವಾಗಿ ಬಂತು. ಈಗ ಅದು ಮಾಮನ ಮಾತ್ರೆಗಳ ಖಾಲಿ ಡಬ್ಬಿಯಲ್ಲಿದೆ.